ನಿಂತ ಟಿಟಿಯನ್ನು ಘಾಟಿ ಇಳಿಸುವ ಮೊದಲು

ಚಿಕ್ಕಮಗಳೂರು, ಅಕ್ಟೋಬರ್ 12, 2025, ಭಾನುವಾರ

ದೀಪಾವಳಿ ರಜೆಗೆ ಚಾರ್ಮಾಡಿ ಇಳಿದು ಕರಾವಳಿ ಕಡೆ ಹೋಗುವ ಪ್ಲಾನ್ ಇದೆ. ಹಾಗಾಗಿ ಇವತ್ತು ಪೂರ್ತಿ ಟಿಟಿ ಕೆಲಸ. ಹಳೇ ಟೆಂಪೋ ಟ್ರಾವೆಲರ್ ಅದು. ಸೀಟು ತೆಗೆಸಿ ಹಾಸಿಗೆ, ಚಿಕ್ಕ ಅಡುಗೆ ಕಟ್ಟೆ, ನೀರಿನ ಟ್ಯಾಂಕ್ ಮಾಡಿಸಿದ್ದೇವೆ. ಜೂನ್‌ನಲ್ಲಿ ಶೆಡ್ಡಿಗೆ ಹಾಕಿದ್ದು ಈಗಲೇ ಹೊರಗೆ ತೆಗೆದದ್ದು.

ಗಾಡಿ ಓಡಿ ಸವೆಯುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಮಲೆನಾಡಿನಲ್ಲಿ ಅದಕ್ಕಿಂತ ಜಾಸ್ತಿ ನಿಂತೇ ಹಾಳಾಗುತ್ತೆ. ಥಂಡಿ, ತುಕ್ಕು, ಇಲಿ ಯಾವುದೂ ಕಿಲೋಮೀಟರ್ ಲೆಕ್ಕ ಇಡುವುದಿಲ್ಲ, ಅಲ್ವಾ?

ಮೊದಲು ಟಾಪ್. ಸೋಲಾರ್ ಪ್ಯಾನೆಲ್, ಗಾಳಿ ಕಿಂಡಿ, ಕ್ಯಾರಿಯರ್ ಅಂತ ಎಲ್ಲೆಲ್ಲಿ ತೂತು ಕೊರೆದಿದ್ದಾರೋ ಅಲ್ಲೆಲ್ಲ ಸೀಲೆಂಟ್ ನೋಡಬೇಕು. ಕಿಂಡಿಯ ಸುತ್ತ ಬಿರುಕು ಬಿಟ್ಟಿತ್ತು. ಅದರ ಮೇಲೆಯೇ ಇನ್ನೊಂದು ಸಲ ಹಚ್ಚಿದರೆ ಸಾಕು ಅಂತ ಅಣ್ಣನ ವಾದ. ಹಳೇ ಸಿಲಿಕೋನ್ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ, ಪೂರ್ತಿ ಕೆರೆದು ಒಣಗಿಸಿಯೇ ಹಚ್ಚಬೇಕು. ಸೋರಿದ ನೀರು ತೂತಿನ ಕೆಳಗೇ ತೊಟ್ಟಿಕ್ಕುತ್ತೆ ಅಂತಲೂ ಇಲ್ಲ, ತಗಡಿಗೂ ಪ್ಲೈವುಡ್‌ಗೂ ನಡುವೆ ಹರಿದು ಎಲ್ಲೋ ಒಂದು ಮೂಲೆಯಲ್ಲಿ ಇಳಿಯುತ್ತೆ. ಅಣ್ಣ ಮೇಲೆ ಪೈಪಿನಲ್ಲಿ ನೀರು ಬಿಟ್ಟರು, ನಾನು ಒಳಗೆ ಟಾರ್ಚ್ ಹಿಡಿದು ಮೂಲೆ ಮೂಲೆ ಮುಟ್ಟಿ ನೋಡಿದೆ. ಕಿಂಡಿ ಬಿಟ್ಟರೆ ಬೇರೆಲ್ಲೂ ಒದ್ದೆ ಇರಲಿಲ್ಲ. ನಾಳೆ ಒಣಗಿದ ಮೇಲೆ ಹಚ್ಚುವುದು.

ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದಿರಲಿಲ್ಲ. ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟಿದ್ದೆವು. ತಿಂಗಳುಗಟ್ಟಲೆ ಎಳೆದೇ ಬಿಟ್ಟರೆ ತೇವಕ್ಕೆ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತೆ.

ಬ್ರೇಕ್ ಆಯಿಲ್ ವಿಷಯಕ್ಕೆ ಮೆಕ್ಯಾನಿಕ್ ಮೀಟರ್ ನೋಡಿ, "ಗಾಡಿ ಓಡೇ ಇಲ್ವಲ್ಲ ಸಾರ್, ಸುಮ್ನೆ ಯಾಕೆ ಬದಲಾಯಿಸ್ತೀರ?" ಅಂದರು. ಎರಡು ವರ್ಷ ಆಗಿದೆ, ಹಾಕಿಬಿಡಿ ಅಂದೆ. ಈ ಆಯಿಲ್ ನಿಂತಲ್ಲೇ ಗಾಳಿಯ ತೇವ ಹೀರುತ್ತೆ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಅದರ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು, ತೇವ ಸೇರಿದ ಆಯಿಲ್‌ಗೆ ಇರುವ ಮಿತಿ ಬರೀ 155. ಕೊಟ್ಟಿಗೆಹಾರ ದಾಟಿ ಘಾಟಿಯುದ್ದಕ್ಕೂ ಬ್ರೇಕ್ ತುಳಿದುಕೊಂಡೇ ಇಳಿದರೆ ಆಯಿಲ್ ಕುದಿದು ಗುಳ್ಳೆ ಏಳುತ್ತೆ, ಪೆಡಲ್ ಮೆತ್ತಗೆ ಒಳಗೆ ಹೋಗುತ್ತೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವ ಮಹಾನುಭಾವರ ಹಿಂದೆ ಮುಂದೆ ನಾನಂತೂ ಇರುವುದಿಲ್ಲ.

ಭಾರವೂ ಲೆಕ್ಕಕ್ಕೆ ಬರುತ್ತೆ. 100 ಲೀಟರ್ ನೀರು ಅಂದರೆ 100 ಕೆಜಿ. ಟ್ಯಾಂಕ್ ತೊಳೆದು ಪಾಚಿ ತೆಗೆದೆವು, ಆದರೆ ತುಂಬಿಸುವುದು ಉಜಿರೆಯಲ್ಲಿ.

ಟೈರಿನ ಗ್ರಿಪ್ ಚೆನ್ನಾಗಿದೆ ಅಂತ ಖುಷಿಪಡುವ ಮುಂಚೆ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ಓದಿ. ನಮ್ಮ ಸ್ಟೆಪ್ನಿಯಲ್ಲಿ 2319 ಅಂತಿದೆ, ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ರಸ್ತೆ ಮುಟ್ಟಿದ್ದೇ ಕಡಿಮೆ, ಆದರೂ ಸಣ್ಣ ಸಣ್ಣ ಬಿರುಕು ಬಿಟ್ಟಿದೆ. ಹೊಸದು ತರಬೇಕು.

ಅಮ್ಮನಿಗೆ ಎಲ್ಲಿ ನಿಲ್ಲಿಸಿದರೂ ಗಾಡಿಯಲ್ಲೇ ಕಾಫಿ ಆಗಬೇಕು, ಹಾಗಾಗಿ ಗ್ಯಾಸ್ ಬಿಡುವ ಹಾಗಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಕೆಳಗೆ ಇಳಿದು ನಿಲ್ಲುತ್ತೆ, ಕಿಟಕಿಯಿಂದ ಹೋಗುವುದಿಲ್ಲ. ಅದಕ್ಕೇ ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಗೆ ತೆರೆಯುವ ಕಿಂಡಿ ಇರುವುದು. ಆ ಕಿಂಡಿಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿ ಪೂರ್ತಿ ಮುಚ್ಚಿಬಿಟ್ಟಿತ್ತು! ಕೆದಕಿ ತೆಗೆದು ಸಣ್ಣ ಜಾಲರಿ ಹೊಡೆದೆ. ರಬ್ಬರ್ ಪೈಪ್ ಬದಲಾಯಿಸಿ, ಜಾಯಿಂಟಿಗೆಲ್ಲ ಸೋಪಿನ ನೀರು ಹಚ್ಚಿದೆ. ಗುಳ್ಳೆ ಬರಲಿಲ್ಲ.

ಒಳಗಿನ ಬ್ಯಾಟರಿ 12.2 ವೋಲ್ಟ್ ತೋರಿಸಿತು, ಹೆಚ್ಚುಕಮ್ಮಿ ಅರ್ಧ. ಲೆಡ್ ಆಸಿಡ್ ಬ್ಯಾಟರಿ ತುಂಬಿದ್ದಾಗ 12.7 ಹತ್ತಿರ ಇರಬೇಕು. ಚಾರ್ಜಿಗೆ ಹಾಕಿದ್ದೇನೆ.

ಫ್ರಿಜ್‌ನ ವೈರ್ ಮಾತ್ರ ಇಲಿ ಕಡಿದುಹಾಕಿದೆ. ಇಂಜಿನ್ ಹತ್ತಿರ ಹೊಗೆಸೊಪ್ಪು ಇಟ್ಟಿದ್ದೆವು, ಅಲ್ಲಿ ಮುಟ್ಟದೆ ಒಳಗೆ ಬಂದಿದೆ ಕಳ್ಳ. ಟೇಪ್ ಸುತ್ತಿ ಓಡಿಸೋಣ ಅಂದರು ಅಣ್ಣ. ಮಲಗುವ ಗಾಡಿಯಲ್ಲಿ ಅಂಥ ಜಾಯಿಂಟ್ ಬೇಡ ಅಂತ ಫ್ಯೂಸ್ ಕಿತ್ತಿಟ್ಟೆ. ಎಲೆಕ್ಟ್ರಿಷಿಯನ್ ಬುಧವಾರ ಬರುತ್ತಾರಂತೆ. ಬರದಿದ್ದರೆ ಫ್ರಿಜ್ ಇಲ್ಲದೆಯೇ ಹೊರಡುವುದು, ಕರಾವಳಿಯಲ್ಲಿ ಮೀನು ಹೇಗೂ ತಾಜಾ ಸಿಗುತ್ತೆ.