ಮೋಟಾರು ವಾಹನವಿಲ್ಲದ ಒಂದು ಸುತ್ತು: ಮಧ್ಯ ಬ್ರಿಟನಿಯ ಜಲ್ಲಿದಾರಿ ಯೋಜನೆ ಎಲ್ಲಿಗೆ ಬಂತು

ಫ್ರಾನ್ಸಿನ ಗ್ರಾಮಾಂತರದಲ್ಲಿ ಸೈಕಲ್ಲಿಗೆಂದೇ ಮೀಸಲಾದ ದೂರದ ದಾರಿಗಳಿಗೆ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಒಂದು ಊರಿನಲ್ಲಿ ಹೊರಟು ಇನ್ನೊಂದು ಊರಿನಲ್ಲಿ ಮುಗಿಯುವಂಥವು. ಬೆಳಿಗ್ಗೆ ಹೊರಟ ಜಾಗಕ್ಕೇ ಸಂಜೆ ಮರಳಬೇಕು, ಟಾರು ರಸ್ತೆಯನ್ನು ಅಡ್ಡ ದಾಟುವುದನ್ನು ಬಿಟ್ಟರೆ ಕಾರುಗಳ ಜೊತೆ ಸಾಗುವ ಪ್ರಸಂಗವೇ ಬರಬಾರದು ಎಂದು ನಿಯಮ ಹಾಕಿಕೊಂಡರೆ ಆಯ್ಕೆಗಳು ಬಹಳ ಬೇಗ ಕರಗುತ್ತವೆ. ಈ ಎರಡೂ ನಿಯಮಗಳಿಗೆ ಒಗ್ಗುವಂತೆ, ಫ್ರಾನ್ಸಿನ ವಾಯವ್ಯ ಪ್ರಾಂತ್ಯವಾದ ಬ್ರಿಟನಿಯ ಪೊಂತಿವಿ ಪಟ್ಟಣದಿಂದ ಹೊರಡುವ, ಸುಮಾರು 70 ಕಿ.ಮೀ. ಉದ್ದದ ಒಂದು ಸುತ್ತನ್ನು ಹೊಲಿಯುತ್ತಿದ್ದೇನೆ. ಮುಖ್ಯವಾದ ನಾಲ್ಕು ತುಂಡುಗಳು ಈಗ ಸಿದ್ಧವಾಗಿವೆ. ಅವುಗಳ ನಡುವಿನ ಎರಡು ಹೊಲಿಗೆಗಳು ಮಾತ್ರ ಇನ್ನೂ ಸಡಿಲವಾಗಿವೆ.

ಹೊಸ ದಾರಿಯನ್ನು ಹುಡುಕುವ ಬದಲು, ಹಿಂದೊಮ್ಮೆ ಸಾಗಣೆಗಾಗಿ ಕಟ್ಟಿ ಆಮೇಲೆ ಆ ಸಾಗಣೆಯನ್ನೇ ಕಳೆದುಕೊಂಡ ದಾರಿಗಳನ್ನು ಹುಡುಕಬೇಕು ಎಂಬುದು ನಾನು ಇಟ್ಟುಕೊಂಡ ಸೂತ್ರ. ಕಾಲುವೆಯ ದೋಣಿಗಳನ್ನು ರೈಲು ಕಸಿದುಕೊಂಡಿತು, ಹಳ್ಳಿಯ ರೈಲನ್ನು ಲಾರಿ ಮತ್ತು ಕಾರುಗಳು ಕಸಿದುಕೊಂಡವು. ಉಳಿದ ನೆಲವನ್ನು ಅಂದಿನ ಎಂಜಿನಿಯರುಗಳು ಕುದುರೆಗೂ ಉಗಿಬಂಡಿಗೂ ತಕ್ಕಂತೆ ಹದಮಾಡಿದ್ದರಿಂದ ಅಲ್ಲಿ ಕಡಿದಾದ ಏರು ಇರುವುದೇ ಇಲ್ಲ. ಜಲ್ಲಿ, ಮಣ್ಣಿನ ದಾರಿಗೆಂದು ಅಗಲ ಟೈರು ಹಾಕಿದ ಗ್ರಾವೆಲ್ ಸೈಕಲ್ಲಿಗೆ ಇದಕ್ಕಿಂತ ಒಪ್ಪುವ ನೆಲ ಇನ್ನೊಂದಿಲ್ಲವೆಂಬುದು ನನ್ನ ಅಭಿಪ್ರಾಯ.

ಮೊದಲ ತುಂಡು ನಾಂತ್–ಬ್ರೆಸ್ತ್ ಕಾಲುವೆಯ ದಂಡೆ. ಬ್ರಿಟಿಷ್ ನೌಕಾಪಡೆ ಬ್ರೆಸ್ತ್ ಬಂದರನ್ನು ದಿಗ್ಬಂಧಿಸಿದ್ದ ಕಾಲದಲ್ಲಿ, ಸಮುದ್ರವನ್ನು ಮುಟ್ಟದೆಯೇ ಅಲ್ಲಿಗೆ ಸರಕು ತಲುಪಿಸಬೇಕೆಂದು ನೆಪೋಲಿಯನ್ ಮಾಡಿಸಿದ ಏರ್ಪಾಡು ಇದು. ಕೆಲಸ 1811ರಲ್ಲಿ ಆರಂಭವಾಯಿತು; 360 ಕಿ.ಮೀ.ಗೂ ಹೆಚ್ಚು ಉದ್ದದ, 200ಕ್ಕೂ ಮಿಕ್ಕಿ ಲಾಕ್‌ಗಳುಳ್ಳ ಈ ಕಾಲುವೆ ಪೂರ್ತಿ ಸಂಚಾರಕ್ಕೆ ತೆರೆದುಕೊಂಡದ್ದು 1842ರಲ್ಲಿ, ಅಂದರೆ ಅದು ನೆರವಾಗಬೇಕಿದ್ದ ಯುದ್ಧ ಮುಗಿದು ಒಂದು ತಲೆಮಾರು ಕಳೆದ ಮೇಲೆ. ಪೊಂತಿವಿಯಿಂದ ಪೂರ್ವಕ್ಕೆ ಹೊರಟರೆ ಕಾಲುವೆ ಬ್ಲಾವೆ ನದಿಯ ಕಣಿವೆಯನ್ನು ಬಿಟ್ಟು, ಒತ್ತೊತ್ತಾಗಿ ಬರುವ ಲಾಕ್‌ಗಳ ಮೂಲಕ ಇಲ್ವೆರ್ನ್ ಎಂಬ ದಿಣ್ಣೆಯನ್ನು ಏರುತ್ತದೆ. ಲಾಕ್ ಎಂದರೆ ಎರಡು ಕಡೆ ಗೇಟುಗಳಿರುವ, ನೀರು ತುಂಬಿಸಿ ಅಥವಾ ಖಾಲಿ ಮಾಡಿ ದೋಣಿಯನ್ನು ಮೇಲಿನ ಅಥವಾ ಕೆಳಗಿನ ಮಟ್ಟಕ್ಕೆ ಒಯ್ಯುವ ಕಲ್ಲಿನ ತೊಟ್ಟಿ. ಸೈಕಲ್ ಸವಾರನಿಗೆ ಇದರ ಪರಿಣಾಮ ವಿಚಿತ್ರವಾಗಿದೆ: ಎರಡು ಲಾಕ್‌ಗಳ ನಡುವೆ ನೆಲ ಪೂರ್ತಿ ಸಪಾಟು, ಲಾಕ್‌ನ ಪಕ್ಕದಲ್ಲಿ ಮಾತ್ರ ಕೆಲವು ಮೀಟರುಗಳ ಚುರುಕಾದ ಏರು, ಮತ್ತೆ ಸಪಾಟು. ಕಾಲಿಗೆ ಏರು ಹತ್ತಿದ ದಣಿವೇ ಅನಿಸುವುದಿಲ್ಲ. ಎತ್ತರ ಮಾತ್ರ ಸೇರುತ್ತಲೇ ಹೋಗುತ್ತದೆ.

ಎರಡನೆಯ ತುಂಡಿಗಾಗಿಯೇ ಈ ಯೋಜನೆಯನ್ನು ಕೈಗೆತ್ತಿಕೊಂಡೆನೆಂದರೂ ತಪ್ಪಾಗದು. ದಿಣ್ಣೆ ದಾಟುವ ಪ್ರತಿ ದೋಣಿಯೂ ಎರಡೂ ಕಡೆಯ ಲಾಕ್‌ಗಳ ಮೂಲಕ ತುತ್ತತುದಿಯ ನೀರನ್ನು ಕೆಳಕ್ಕೆ ಹರಿಸಿಬಿಡುತ್ತದೆ; ಮೇಲಿಂದ ಹೊಸ ನೀರು ಬರದಿದ್ದರೆ ಕಾಲುವೆಯ ನೆತ್ತಿಯೇ ಒಣಗುತ್ತದೆ. ಅದಕ್ಕಾಗಿ ಊಸ್ತ್ ನದಿಗೆ ಬೊಸ್ಮೆಲೆಯಾಕ್‌ನಲ್ಲಿ ಕಟ್ಟೆ ಕಟ್ಟಿ, ಅಲ್ಲಿಂದ ಇಲ್ವೆರ್ನ್‌ಗೆ ಒಂದು ಪೂರಕ ನಾಲೆಯನ್ನು ತೋಡಿದರು. 1830ರ ದಶಕದಲ್ಲಿ ಮುಗಿದ ಈ ನಾಲೆಯ ಉದ್ದ 60 ಕಿ.ಮೀ.ಗೂ ಹೆಚ್ಚು, ಎರಡು ತುದಿಗಳ ನೇರ ಅಂತರದ ಎರಡು ಪಟ್ಟಿಗೂ ಮಿಕ್ಕಿದ್ದು. ಪಂಪಿನ ನೆರವಿಲ್ಲದೆ ನೀರು ತಾನಾಗಿ ಹರಿಯಬೇಕಾದ್ದರಿಂದ ನಾಲೆ ಪ್ರತಿಯೊಂದು ಗುಡ್ಡದ ಸೊಂಟವನ್ನೂ ಬಳಸಿ, ಪ್ರತಿಯೊಂದು ಕಣಿವೆಯ ಒಳಕ್ಕೂ ನುಗ್ಗಿ ಹೊರಬರುತ್ತದೆ. ನಮ್ಮ ಕಡೆಯ ನಾಲೆ ಏರಿಯ ಮೇಲೆ ಸೈಕಲ್ ತುಳಿದವರಿಗೆ ಈ ಬಳುಕಿನ ಪರಿಚಯ ಇದ್ದೇ ಇರುತ್ತದೆ. ಈಗ ನಾಲೆ ಬಹುಪಾಲು ಒಣಗಿದೆ, ಏರಿ ಮಾತ್ರ ಮರಗಳ ನೆರಳಿನಲ್ಲಿ ಉಳಿದಿದೆ. ಮುಂದಿನ ಚರ್ಚಿನ ಗೋಪುರ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ಬೆನ್ನ ಹಿಂದೆ ಕಾಣಿಸುತ್ತದೆ. ಬೇಗ ತಲುಪಬೇಕೆನ್ನುವವರಿಗೆ ಇದು ಹೇಳಿಮಾಡಿಸಿದ ದಾರಿಯಲ್ಲ.

ಇಲ್ಲಿನ ನೆಲವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಾಲುವೆಯ ದಂಡೆಯಲ್ಲಿ ಪುಡಿಗಲ್ಲನ್ನು ಹಾಸಿ, ನೀರು ಹಾಯಿಸಿ, ರೋಲರ್ ಹೊಡೆದ ಗಟ್ಟಿ ಹಾಸು ಇದೆ. ಒಣಗಿದಾಗ ಅದು ಹೆಚ್ಚುಕಡಿಮೆ ಟಾರಿನಷ್ಟೇ ಸರಾಗ. ನಾಲೆಯ ಏರಿಯ ಕೆಲವು ಭಾಗಗಳಲ್ಲಾದರೋ ಮಣ್ಣು, ಬೇರು ಮತ್ತು ಕೊಳೆತ ಎಲೆಗಳೇ ಹಾಸು. ಅಕ್ಟೋಬರಿನ ಮಳೆಯ ನಂತರ ಎಲೆಯ ಪದರದ ಕೆಳಗೆ ಬೇರುಗಳು ಸೋಪಿನಂತೆ ಜಾರುತ್ತವೆ. 40 ಮಿ.ಮೀ. ಟೈರು ಇಲ್ಲಿಗೆ ಸಾಕು, ಆದರೆ ಕಾಲುವೆ ದಂಡೆಯಲ್ಲಿ ಹಿತವೆನಿಸಿದ ಗಾಳಿಯ ಒತ್ತಡವನ್ನು ಇಲ್ಲಿ ಒಂದಿಷ್ಟು ಇಳಿಸಿಕೊಳ್ಳಲೇಬೇಕು. 2023ರ ನವೆಂಬರ್ ಆರಂಭದಲ್ಲಿ ಬೀಸಿದ ಸಿಯಾರಾನ್ ಬಿರುಗಾಳಿ ಬ್ರಿಟನಿಯಲ್ಲಿ ಅಸಂಖ್ಯ ಮರಗಳನ್ನು ಉರುಳಿಸಿದ್ದರಿಂದ, ಮರಗಳ ನಡುವಿನ ಇಂಥ ದಾರಿಗಳನ್ನು ಗಾಳಿಯ ಪ್ರತಿ ಹಂಗಾಮಿನ ನಂತರವೂ ಮರುಪರಿಶೀಲಿಸುವುದು ಕ್ರಮವಾಗಿಬಿಟ್ಟಿದೆ.

ಸಡಿಲವಾಗಿರುವ ಮೊದಲ ಹೊಲಿಗೆ ಸೆಂ-ಕಾರಾದೆಕ್ ಬಳಿ, ನಾಲೆಯ ಏರಿಯನ್ನು ಬಿಟ್ಟು ಹಳೆಯ ರೈಲುದಾರಿಯನ್ನು ಹಿಡಿಯುವಲ್ಲಿದೆ. ನಕ್ಷೆಯಲ್ಲಿ ಒಂದೇ ಬಗೆಯ ಗೆರೆಯಾಗಿ ಕಾಣುವ ಹೊಲದ ದಾರಿಗಳು ಕಾನೂನಿನ ಕಣ್ಣಿಗೆ ಒಂದೇ ಅಲ್ಲ. ಪಂಚಾಯಿತಿಯ ಒಡೆತನದ ಗ್ರಾಮೀಣ ದಾರಿ ಸಾರ್ವಜನಿಕರಿಗೆ ತೆರೆದಿರುತ್ತದೆ; ಅಕ್ಕಪಕ್ಕದ ಜಮೀನಿನವರು ತಮ್ಮ ಸಾಗುವಳಿಗಾಗಿ ಇಟ್ಟುಕೊಂಡ ದಾರಿಯನ್ನು ಅವರು ಬೇಕೆಂದಾಗ ಮುಚ್ಚಬಹುದು. ಇದರ ಜೊತೆಗೆ, ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ತುಂಡು ಜಮೀನುಗಳನ್ನು ಒಟ್ಟುಗೂಡಿಸುವ ಸರ್ಕಾರಿ ಕಾರ್ಯಕ್ರಮ ಬ್ರಿಟನಿಯಲ್ಲಿ ಬೇಲಿಸಾಲುಗಳನ್ನೂ ಅವುಗಳ ನಡುವಿನ ತಗ್ಗುದಾರಿಗಳನ್ನೂ ದೊಡ್ಡ ಪ್ರಮಾಣದಲ್ಲಿ ಅಳಿಸಿ, ಟ್ರ್ಯಾಕ್ಟರಿಗಾಗಿ ನೇರವಾದ ಹೊಸ ದಾರಿಗಳನ್ನು ಎಳೆಯಿತು. ಹೀಗಾಗಿ ಫ್ರಾನ್ಸಿನ ರಾಷ್ಟ್ರೀಯ ನಕ್ಷಾ ಸಂಸ್ಥೆ ಒದಗಿಸುವ 1950ರ ದಶಕದ ವೈಮಾನಿಕ ಚಿತ್ರಗಳನ್ನು ಇಂದಿನ ಚಿತ್ರದ ಪಕ್ಕ ಇಟ್ಟು, ಯಾವ ದಾರಿ ಹಳೆಯದು, ಯಾವುದು ಆಮೇಲೆ ಬಂದದ್ದು ಎಂದು ಬೇರ್ಪಡಿಸುತ್ತಿದ್ದೇನೆ. ಹಳೆಯ ದಾರಿಯಾದರೆ ಸಾರ್ವಜನಿಕವಾಗಿರುವ ಸಂಭವ ಹೆಚ್ಚು. ಆದರೆ ಕೊನೆಯ ಮಾತು ಊರಿನ ಪುರಸಭಾ ಕಚೇರಿಯ ಭೂದಾಖಲೆಯದೇ. ಸಂಜೆಗಳನ್ನು ನುಂಗುವ ಕೆಲಸ ಇದು, ಆದರೂ ಸೈಕಲ್ ತುಳಿಯುವುದಕ್ಕಿಂತ ಕಡಿಮೆ ರುಚಿಯದೇನಲ್ಲ.

ಮೂರನೆಯ ತುಂಡಾದ ರೈಲುದಾರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಲುದೆಯಾಕ್‌ನಿಂದ ಕಾರೆ ಪಟ್ಟಣಕ್ಕೆ ಓಡುತ್ತಿದ್ದ ಮೀಟರ್ ಗೇಜ್ ರೈಲು 1967ರಲ್ಲಿ ನಿಂತಿತು. ಹಳಿ ಕಿತ್ತ ಜಾಗ ಇಂದು ‘ವ್ವಾ ವೆರ್ತ್’, ಅಂದರೆ ಮೋಟಾರು ವಾಹನಗಳಿಗೆ ನಿಷಿದ್ಧವಾದ ಹಸಿರು ದಾರಿ. ಪಾದಚಾರಿ, ಸೈಕಲ್ ಮತ್ತು ಕುದುರೆ ಸವಾರರ ಚಿತ್ರವಿರುವ ನೀಲಿ ಚೌಕದ ಫಲಕ ಕಂಡಿತೆಂದರೆ ನಿಶ್ಚಿಂತೆಯಿಂದ ಮುಂದುವರಿಯಬಹುದು. ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯನ್ನು ನೋಡುವವರಿಗೆ ಮ್ಯೂರ್-ದ-ಬ್ರೆತಾಞ್ ಎಂದರೆ 2021ರಲ್ಲಿ ಮಾಥ್ಯು ವಾನ್ ಡರ್ ಪೂಲ್ ಗೆದ್ದ ಆ ನೆಟ್ಟನೆಯ ಏರು. ಅದೇ ಊರಿಗೆ ರೈಲುದಾರಿ ಬೆವರಿಳಿಸದೆ ಕರೆತರುತ್ತದೆಂಬುದು ನನಗೆ ಸಣ್ಣ ತೃಪ್ತಿಯ ವಿಷಯ.

ಎರಡನೆಯ ಸಡಿಲ ಹೊಲಿಗೆ ಇರುವುದು ಇಲ್ಲಿ. 1930ರಲ್ಲಿ ಮುಗಿದ ಗೆರ್ಲೆದಾನ್ ಅಣೆಕಟ್ಟು ಬ್ಲಾವೆ ಕಣಿವೆಯನ್ನು ತುಂಬಿಸಿ, 17 ಲಾಕ್‌ಗಳನ್ನೂ ಅವುಗಳ ದಂಡೆಯನ್ನೂ ಮುಳುಗಿಸಿತು. ನಾಂತ್‌ನಿಂದ ಬ್ರೆಸ್ತ್‌ವರೆಗಿನ ದೋಣಿಸಂಚಾರ ತುಂಡಾದದ್ದೂ ಆಗಲೇ. 2015ರಲ್ಲಿ ತಪಾಸಣೆಗಾಗಿ ಜಲಾಶಯವನ್ನು ಬರಿದು ಮಾಡಿದಾಗ ಮುಳುಗಿದ್ದ ಲಾಕ್‌ಗಳು ಕೆಸರಿನಿಂದ ಮೇಲೆದ್ದವು. ಅವನ್ನು ನೋಡಲು ಜನ ತಂಡೋಪತಂಡವಾಗಿ ಬಂದರು. ನನ್ನ ಸುತ್ತು ಮ್ಯೂರ್‌ನ ಎತ್ತರದಿಂದ ಅಣೆಕಟ್ಟಿನ ಬುಡಕ್ಕೆ ಇಳಿಯಬೇಕು. ಕಾಡಿನೊಳಗಿನ ಕಾಲುದಾರಿ ಸೈಕಲ್ಲಿಗೆ ತೀರ ಕಡಿದು, ಟಾರು ರಸ್ತೆಯಲ್ಲಿ ಬೇಸಿಗೆಯ ಪ್ರವಾಸಿಗರ ಕಾರುಗಳು. ಸದ್ಯಕ್ಕೆ ಕಾಲುದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಇಳಿಯುವುದನ್ನೇ ಒಪ್ಪಿಕೊಂಡಿದ್ದೇನೆ. ಬುಡ ತಲುಪಿದ ಮೇಲೆ ನಾಲ್ಕನೆಯ ತುಂಡಾದ ಬ್ಲಾವೆಯ ದಂಡೆ ಪೊಂತಿವಿಯವರೆಗೆ ಸಲೀಸಾಗಿ ಒಯ್ಯುತ್ತದೆ.

ನೀರಿಗಾಗಿ ಹಳ್ಳಿಯ ಸ್ಮಶಾನದ ನಲ್ಲಿಯನ್ನು ನೆಚ್ಚಿಕೊಂಡಿದ್ದೇನೆ. ಹೂಕುಂಡಗಳಿಗೆಂದು ಹಾಕಿಸಿದ ಆ ನಲ್ಲಿ ಫ್ರೆಂಚ್ ಸೈಕಲ್ ಸವಾರರೆಲ್ಲರ ಗುಟ್ಟು, ಕುಡಿಯಲು ಯೋಗ್ಯವಲ್ಲವೆಂಬ ಫಲಕವಿದೆಯೇ ಎಂದು ಮಾತ್ರ ನೋಡಬೇಕು. ಬ್ರೆಡ್ ಅಂಗಡಿ ಸೋಮವಾರ ಮುಚ್ಚಿರುವುದು ಸಾಮಾನ್ಯ, ಆದ್ದರಿಂದ ಆ ದಿನ ಬುತ್ತಿ ಕಟ್ಟಿಕೊಂಡೇ ಹೊರಡಬೇಕು. ಬೇಟೆಯ ಹಂಗಾಮು ಸೆಪ್ಟೆಂಬರಿನಿಂದ ಫೆಬ್ರುವರಿ ಕೊನೆಯವರೆಗೆ ಇರುವುದರಿಂದ, ಕಾಡಂಚಿನ ಭಾಗಗಳನ್ನು ಆ ತಿಂಗಳುಗಳಲ್ಲಿ ಪರೀಕ್ಷಿಸುವಾಗ ಕಣ್ಣಿಗೆ ಹೊಡೆಯುವ ಬಣ್ಣದ ಜಾಕೆಟ್ ಧರಿಸುತ್ತೇನೆ. ಬೇಟೆ ನಡೆಯುತ್ತಿದೆಯೆಂಬ ಫಲಕ ಕಂಡರೆ ಹಿಂದಿರುಗುತ್ತೇನೆ.

ಮುಂದಿನ ಕೆಲಸ ಮಾರ್ಚಿನಲ್ಲಿ. ಸೆಂ-ಕಾರಾದೆಕ್ ಬಳಿಯ ಎರಡು ಪರ್ಯಾಯ ದಾರಿಗಳ ದಾಖಲೆ ನೋಡಿ ಒಂದನ್ನು ಖಚಿತಪಡಿಸಬೇಕು, ಚಳಿಗಾಲದ ಮಳೆಗೆ ನಾಲೆಯ ಏರಿ ಎಲ್ಲಿ ಕುಸಿದಿದೆಯೆಂದು ಗುರುತಿಸಬೇಕು, ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಆ ಭಾಗದ ಹಾಸಿನ ವಿವರ ತಿದ್ದಬೇಕು. ಅದು ಮುಗಿದ ಮೇಲೆಯೇ ಜಿಪಿಎಕ್ಸ್ ಕಡತವನ್ನು, ಅಂದರೆ ಜಿಪಿಎಸ್ ಸಾಧನ ಓದಬಲ್ಲ ದಾರಿಯ ದಾಖಲೆಯನ್ನು, ಇತರರ ಕೈಗೆ ಕೊಡುತ್ತೇನೆ.