ಸಭಾಕಂಪ ಮತ್ತು ಕಮಾನು: ಒಂದು ಗಂಟೆಯ ಪಿಟೀಲು ಕಛೇರಿಗೆ ತಯಾರಿ

ಗುರಿ: ಗಣೇಶೋತ್ಸವದ ಪೆಂಡಾಲಿನಲ್ಲಿ ಮೃದಂಗದ ಜೊತೆ ಒಂದು ಗಂಟೆಯ ಪಿಟೀಲು ಸೋಲೋ. ಪಾಠ ಗಟ್ಟಿಯಾಗಿದೆ, ಮನೆಯಲ್ಲಿ ಕೈ ಸಲೀಸಾಗಿ ಓಡುತ್ತದೆ. ಎದುರಿಗೆ ಜನ ಕೂತರೆ ಮಾತ್ರ ಕಮಾನು ನಡುಗುತ್ತದೆ. ನಡುಕ ಹೋದಮೇಲೆ ವೇದಿಕೆ ಹತ್ತುತ್ತೇನೆಂದು ಕಾದರೆ ಆ ದಿನ ಬಾರದೇ ಹೋಗಬಹುದು. ಸೆಲ್ಲೋ ಮಾಂತ್ರಿಕ ಪಾಬ್ಲೋ ಕಸಾಲ್ಸ್ ಅವರಿಗೂ ಜೀವನಪೂರ್ತಿ ಸಭಾಕಂಪವಿತ್ತು. ಹಾಗಾಗಿ ನಡುಗುವ ಕೈಯಲ್ಲೇ ನುಡಿಸಲು ಕಲಿಯುವ ದಾರಿ ಹಿಡಿದಿದೆ.

ಮೊದಲ ಹಂತ: ನಡುಕ ಎಲ್ಲಿದೆ?

ಫೋನನ್ನು ಬಲಗೈ ಕಾಣುವಂತೆ ಇಟ್ಟು, ಮನೆಯವರನ್ನು ಎದುರಿಗೆ ಕೂರಿಸಿ, ತಪ್ಪಿದರೂ ನಿಲ್ಲಿಸದೆ ಒಂದು ವರ್ಣ (ಕಛೇರಿಯ ಆರಂಭದಲ್ಲಿ, ಅಭ್ಯಾಸಕ್ಕೆ ನುಡಿಸುವ ರಚನೆ). ರೆಕಾರ್ಡಿಂಗಿನಲ್ಲಿ ಕಂಡದ್ದು: ವಿಳಂಬದಲ್ಲಿ, ಮೆಲುದನಿಯಲ್ಲಿ, ಕಮಾನಿನ ನಡುಭಾಗ ತಂತಿಯ ಮೇಲೆ ಬಂದಾಗಲೇ ನಡುಕ ಜಾಸ್ತಿ. ಕಾರಣವಿದೆ. ಗಾಬರಿಯಲ್ಲಿ ದೇಹ ಬಿಡುವ ಅಡ್ರಿನಲಿನ್ ಏರಿದಾಗ ಬೆರಳಿನ ಸಣ್ಣ ಸ್ನಾಯುಗಳು ಕಂಪಿಸುತ್ತವೆ. ಅದನ್ನು ಅಡಗಿಸಲೆಂದು ಹೆಬ್ಬೆರಳು ಬಿಗಿಯಾಗುತ್ತದೆ, ಬಿಗಿಯಾದ ಹಿಡಿತ ಕಂಪನವನ್ನು ನೇರ ಕಮಾನಿನ ಕಡ್ಡಿಗೆ ದಾಟಿಸುತ್ತದೆ. ಕಡ್ಡಿ ಹೆಚ್ಚು ಪುಟಿಯುವುದು ನಡುಭಾಗದಲ್ಲೇ.

ಮಾಡಿದ ಬದಲಾವಣೆ: ಹೆಬ್ಬೆರಳು, ಕಿರುಬೆರಳು ಎರಡೂ ಸ್ವಲ್ಪ ಮಡಿಚಿರಬೇಕು. ಬೆರಳಿನಿಂದ ಒತ್ತುವ ಬದಲು ಮೊಣಕೈಯ ಭಾರವನ್ನು ತಂತಿಯ ಮೇಲೆ ಬಿಡಬೇಕು. ಮೊದಲ ಕೆಲವು ಆವರ್ತ (ತಾಳದ ಸುತ್ತು) ಕೈ ಹಿಡಿಯುವ ಬುಡದ ಕಡೆಯ ಅರ್ಧ ಕಮಾನು ಸಾಕು, ಎಳೆತ ಮಾತ್ರ ಚುರುಕಾಗಿರಲಿ. ದನಿ ಸಾಲದು ಎಂಬ ಆತಂಕವೂ ಒತ್ತಡ ಹೆಚ್ಚಿಸುತ್ತದೆ. ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಸಿಕೊಂಡದ್ದು ನಾದ ದೂರ ತಲುಪಲೆಂದು. ಈಗ ಆ ಕೆಲಸ ಮೈಕಿನದು. ಮೈಕ್ ಪರೀಕ್ಷೆಯಲ್ಲಿ ಮಾನಿಟರಿನ (ವಾದಕರಿಗೆ ತಮ್ಮ ದನಿ ಕೇಳಿಸುವ ಸ್ಪೀಕರು) ದನಿ ಏರಿಸಲು ಕೇಳಿಕೊಂಡರೆ ಕೈ ತಾನಾಗಿ ಹಗುರಾಗುತ್ತದೆ.

ಕಾಲನ್ನು ಮರೆಯಬಾರದು. ನೆಲದ ಮೇಲೆ ಕೂತು ನುಡಿಸುವಾಗ ಪಿಟೀಲಿನ ತಲೆ ಬಲಪಾದದ ಮೇಲೆ ನಿಲ್ಲುವುದರಿಂದ ಕಾಲು ನಡುಗಿದರೆ, ಜೋಮು ಹಿಡಿದರೆ, ಇಡೀ ವಾದ್ಯ ಅಲುಗುತ್ತದೆ, ಎಡಗೈಯ ಗಮಕ (ಸ್ವರದ ಓಲಾಟ) ಜಾರುತ್ತದೆ. ಮಂಡಿಯ ಕೆಳಗೆ ಮಡಿಚಿದ ಟವೆಲ್ಲು ಇಟ್ಟು ಪೂರ್ತಿ ಒಂದು ಗಂಟೆ ಕೂತು ನೋಡುವುದು ಈಗ ಅಭ್ಯಾಸದ ಭಾಗ.

ಎರಡನೇ ಹಂತ: ಎದೆಬಡಿತ ಏರಿಸಿ ನುಡಿಸುವುದು

ಎರಡು ಮಹಡಿ ಮೆಟ್ಟಿಲು ಬಿರುಸಾಗಿ ಹತ್ತಿಳಿದು, ಏದುಸಿರು ಇರುವಾಗಲೇ ಕೂತು ವರ್ಣದ ಮೊದಲ ಕಾಲ. ಹೃದ್ರೋಗ, ಮಂಡಿನೋವು ಇರುವವರಿಗೆ ಇದು ಬೇಡ. ಮೊದಲು ಕೆಟ್ಟದೆಂದರೆ ಕಾಲಪ್ರಮಾಣ: ಎದೆ ಓಡಿದಂತೆ ಕೈಯೂ ಓಡುತ್ತದೆ. ಮದ್ದು ಸರಳ. ಶುರುಮಾಡುವ ಮುನ್ನ ಆ ಕೃತಿಯಲ್ಲಿ ಅತಿ ದಟ್ಟವಾಗಿರುವ ಚರಣದ ಸಾಲನ್ನು ಮನಸ್ಸಿನಲ್ಲಿ ಹಾಡಿಕೊಂಡು, ಅದು ಆರಾಮಾಗಿ ಕೂರುವ ವೇಗವನ್ನೇ ಪಲ್ಲವಿಗೆ ಹಿಡಿಯುವುದು. ಪಲ್ಲವಿಯಿಂದ ವೇಗ ಹಿಡಿದರೆ ಚಿಟ್ಟೆಸ್ವರದಲ್ಲಿ (ಕೃತಿಗೆ ಮೊದಲೇ ಕಟ್ಟಿಟ್ಟ ಸ್ವರಗಳ ಭಾಗ) ಸಿಕ್ಕಿಬೀಳುವುದು ಖಚಿತ.

ಉಸಿರಿನ ಅಭ್ಯಾಸ: 4 ಎಣಿಕೆ ಒಳಗೆ, 6 ಎಣಿಕೆ ಹೊರಗೆ, ಐದು ನಿಮಿಷ. ಶ್ರುತಿಪೆಟ್ಟಿಗೆ ಹಾಕಿಕೊಂಡು ಮಾಡಿದರೆ ಮನಸ್ಸು ನಿಲ್ಲಲು ಒಂದು ಆಸರೆ. ಗಾಬರಿಯಲ್ಲಿ ಬೇಗ ಬೇಗ ಆಳವಾಗಿ ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳ ತುದಿ ಜುಮ್ಮೆನ್ನುತ್ತದೆ, ತಲೆ ಸುತ್ತುತ್ತದೆ. ಪಿಟೀಲಿಗೆ ಇದಕ್ಕಿಂತ ಕೆಟ್ಟದ್ದು ಬೇರೆ ಬೇಕಿಲ್ಲ.

ಮೂರನೇ ಹಂತ: ಮರೆವು

ಬೆರಳಿನ ರೂಢಿಯನ್ನೇ ನಂಬಿದ ಪಾಠ ವೇದಿಕೆಯಲ್ಲಿ ಕೈಕೊಡುತ್ತದೆ. ಅದರಲ್ಲೂ ಪಲ್ಲವಿಯ ಸಂಗತಿ (ಒಂದೇ ಸಾಲನ್ನು ಬದಲಿಸುತ್ತಾ ನುಡಿಸುವ ರೂಪ), ಅನುಪಲ್ಲವಿಯ ಸಂಗತಿ ಒಂದೇ ತರಹ ಶುರುವಾದರೆ ಅಲ್ಲೇ ದಾರಿ ತಪ್ಪುವುದು. ಮನೆಯವರು ಯಾರಾದರೂ "ಚರಣ!" ಎಂದು ಕೂಗಿದರೆ ಒಂದು ಆವರ್ತದೊಳಗೆ ಅಲ್ಲಿಂದಲೇ ಎತ್ತಿಕೊಳ್ಳಬೇಕು. ಸಾಹಿತ್ಯವನ್ನು ಪಿಟೀಲಿಲ್ಲದೆ ತಾಳ ಹಾಕಿ ಹಾಡಿ ಒಪ್ಪಿಸಬೇಕು. ಅಷ್ಟಾಗಿಯೂ ಮರೆತರೆ ಪಲ್ಲವಿಯ ಮೊದಲ ಸಾಲಿಗೆ ಮರಳುವುದೆಂದು ಮೃದಂಗದವರ ಜೊತೆ ಮಾತಾಗಿದೆ. ಕಲ್ಪನಾಸ್ವರದಲ್ಲಿ (ಆಗಲೇ ಹೊಸದಾಗಿ ಹೆಣೆಯುವ ಸ್ವರಗಳು) ಉದ್ದದ ಕೋರ್ವೆ, ಅಂದರೆ ಲೆಕ್ಕಾಚಾರದ ಮುಕ್ತಾಯ, ಕೈಬಿಟ್ಟು, ಎಡುಪಿಗೆ (ಸಾಲು ತಾಳದಲ್ಲಿ ಶುರುವಾಗುವ ಜಾಗ) ಸರಿಯಾಗಿ ಬಂದು ಕೂರುವ ಚಿಕ್ಕ ಮುಕ್ತಾಯಗಳನ್ನು ಇಟ್ಟುಕೊಂಡಿದೆ. ಲೆಕ್ಕ ತಪ್ಪುವ ಭಯ ಇಳಿದರೆ ಮನೋಧರ್ಮ (ಆಗಲೇ ಹುಟ್ಟುವ ಕಲ್ಪನೆ) ಅರಳುತ್ತದೆ.

ನುಡಿಸುವ ಕೃತಿಗಳ ಪಟ್ಟಿಯೂ ಬದಲಾಗಿದೆ. ಆಲಾಪನೆಯ (ತಾಳವಿಲ್ಲದೆ ರಾಗ ಬಿಡಿಸುವುದು) ಉದ್ದ ಷಡ್ಜದಿಂದ ಶುರುಮಾಡುವುದು ನಡುಕಕ್ಕೆ ಆಹ್ವಾನ. ಹಂಸಧ್ವನಿಯಲ್ಲಿ ಮಧ್ಯಮಕಾಲದ ಕೀರ್ತನೆ ಮೊದಲು, ಕೈ ಬಿಸಿಯಾದಮೇಲೆ ಆಲಾಪನೆ.

ಕಾಫಿ ಮತ್ತು ಮಾತ್ರೆ

ಕೆಫೀನಿನ ಅರ್ಧ ಅಂಶ ದೇಹದಿಂದ ಹೋಗಲು ಸುಮಾರು 5 ಗಂಟೆ ಬೇಕು. ಸಂಜೆ 6ಕ್ಕೆ ಕಛೇರಿಯಿದ್ದರೆ ಮಧ್ಯಾಹ್ನದ ಫಿಲ್ಟರ್ ಕಾಫಿ ಕೈಯಲ್ಲಿ ಇನ್ನೂ ಇರುತ್ತದೆ. ಆದರೆ ರೂಢಿಯವರು ಅಂದೇ ಪೂರ್ತಿ ಬಿಟ್ಟರೆ ತಲೆನೋವು. ಬೆಳಗಿನ ಲೋಟ ಉಳಿಸಿಕೊಂಡು ಉಳಿದದ್ದನ್ನು ಹಿಂದಿನ ವಾರದಿಂದಲೇ ಇಳಿಸಬೇಕು.

ಪ್ರೊಪ್ರನೊಲಾಲ್ ಎಂಬ ಬೀಟಾ ಬ್ಲಾಕರ್ ಬಗ್ಗೆ ವಾದಕರು ಪಿಸುಗುಟ್ಟುತ್ತಾರೆ. ಬಚ್ಚಿಡಬೇಕಾದ ವಿಷಯವೇನಲ್ಲ. ಅದು ಎದೆಬಡಿತ, ನಡುಕ ಇಳಿಸುತ್ತದೆ, ಮನಸ್ಸಿನ ಚಿಂತೆಯನ್ನು ನೇರವಾಗಿ ಮುಟ್ಟುವುದಿಲ್ಲ. ಅಸ್ತಮಾ ಇರುವವರಿಗೆ ಅಪಾಯಕಾರಿ. ವೈದ್ಯರನ್ನು ಕೇಳದೆ, ಇನ್ನೊಬ್ಬರ ಚೀಟಿಯ ಮಾತ್ರೆ ನುಂಗಲೇಬಾರದು. ವೈದ್ಯರು ಕೊಟ್ಟರೂ ಮೊದಲ ಬಾರಿ ಕಛೇರಿಯ ದಿನವೇ ತೆಗೆದುಕೊಳ್ಳಬಾರದು.

ಆ ಸಂಜೆಗೆ

ಅರ್ಧ ಗಂಟೆ ಮೊದಲೇ ತಲುಪಿ ಪೆಂಡಾಲಿನ ಗಾಳಿಗೆ ವಾದ್ಯ ಒಗ್ಗಲು ಬಿಡಬೇಕು. ಜಾರುವ ಬಿರಡೆಗೆ (ತಂತಿ ಬಿಗಿಸುವ ಗೂಟ) ಸೀಮೆಸುಣ್ಣ ಹಿಂದಿನ ದಿನವೇ ಹಚ್ಚಿರಬೇಕು. ಶ್ರುತಿ ಸೇರಿಸಲು ಜನರೆದುರು ಒದ್ದಾಡುವಷ್ಟು ಧೈರ್ಯಗೆಡಿಸುವ ಸಂಗತಿ ಕಡಿಮೆ. ಎಡಗೈ ಬೆವರಿಗೆ ಒಣ ಹತ್ತಿಬಟ್ಟೆ. ಎಣ್ಣೆ ಹಚ್ಚುವವರು ಅದು ಕಮಾನಿನ ಕೂದಲಿಗೆ ತಾಗದಂತೆ ನೋಡಿಕೊಳ್ಳಬೇಕು, ತಾಗಿದರೆ ಕಮಾನು ತಂತಿ ಹಿಡಿಯುವುದಿಲ್ಲ.

ಈಗಿನ ಸ್ಥಿತಿ

ಮನೆಯವರ ಮುಂದೆ ಮೊದಲ ಕೀರ್ತನೆ ಸ್ಥಿರ. ಹಿರಿಯ ವಾದಕರು ಕೇಳುತ್ತಿದ್ದರೆ ನಡುಕ ಇನ್ನೂ ಬರುತ್ತದೆ, ಅನುಪಲ್ಲವಿಯ ಹೊತ್ತಿಗೆ ಇಳಿಯುತ್ತದೆ. ಆಲಾಪನೆಯಲ್ಲಿ ಮಂದ್ರ (ಕೆಳಸ್ಥಾಯಿ) ಸಂಚಾರದ ಮೆಲುದನಿ ಬಾಕಿ. ಮುಂದಿನದು ಬೀದಿಯ ದೇವಸ್ಥಾನದಲ್ಲಿ ಮೈಕಿಲ್ಲದೆ ಇಪ್ಪತ್ತು ನಿಮಿಷ, ಮೃದಂಗದವರ ಜೊತೆ.