ಅಂಕಿಯ ಪಕ್ಕದಲ್ಲಿ ಕಾರಣಕ್ಕೂ ಜಾಗವಿರಲಿ

ನಾನು ಕೆಲಸದ ಮೇಲೆ ಹೋಗಿಬಂದ ಬೆಂಗಳೂರಿನ ಕಂಪನಿಗಳಲ್ಲಿ ಅಂಕಿ-ಅಂಶಗಳನ್ನು ಕಲೆಹಾಕಿ ವರದಿ ಮಾಡುವವರು ಒಂದು ವಿಭಾಗದಲ್ಲಿರುತ್ತಾರೆ. ಅನುಭವದಿಂದ ಬಂದ ತಿಳಿವಳಿಕೆಯನ್ನು ಕಾಪಾಡಿ ಹಂಚುವ ಹೊಣೆ ಯಾರಿಗಾದರೂ ಇದ್ದರೆ ಅವರು ಇನ್ನೊಂದು ವಿಭಾಗದಲ್ಲಿರುತ್ತಾರೆ. ಮೊದಲನೆಯದಕ್ಕೆ ಬಿಸಿನೆಸ್ ಇಂಟೆಲಿಜೆನ್ಸ್ ಎಂದೂ ಎರಡನೆಯದಕ್ಕೆ ನಾಲೆಜ್ ಮ್ಯಾನೇಜ್‌ಮೆಂಟ್ ಎಂದೂ ಹೆಸರು. ಉತ್ಪಾದನಾ ಘಟಕಗಳಿಗೆ ವರದಿ ವ್ಯವಸ್ಥೆಗಳನ್ನು ಕಟ್ಟಿಕೊಡುವ ಕೆಲಸದಲ್ಲಿರುವ ನಾನು ಕೆಲವು ವರ್ಷಗಳಿಂದ ಈ ಎರಡೂ ಕ್ಷೇತ್ರಗಳ ಸಂಶೋಧನೆಯನ್ನು ಓದುತ್ತ ಬಂದಿದ್ದೇನೆ. ಓದಿದಷ್ಟೂ ಈ ವಿಭಜನೆ ಅನಗತ್ಯವಾದದ್ದು, ಸಂಸ್ಥೆಗಳಿಗೆ ನಷ್ಟ ತರುವಂಥದ್ದು ಎಂಬ ಅಭಿಪ್ರಾಯ ನನ್ನಲ್ಲಿ ಗಟ್ಟಿಯಾಗಿದೆ.

ಇವೆರಡೂ ಹುಟ್ಟಿನಿಂದಲೇ ಬೇರೆಯಾಗಿದ್ದವಲ್ಲ. ಐಬಿಎಂ ಸಂಶೋಧಕ ಹ್ಯಾನ್ಸ್ ಪೀಟರ್ ಲೂನ್ 1958ರಲ್ಲಿ ಆ ಕಂಪನಿಯ ಸಂಶೋಧನಾ ಪತ್ರಿಕೆಯಲ್ಲಿ ಬಿಸಿನೆಸ್ ಇಂಟೆಲಿಜೆನ್ಸ್ ವ್ಯವಸ್ಥೆಯೊಂದರ ರೂಪರೇಖೆಯನ್ನು ಪ್ರಕಟಿಸಿದರು. ಇಂದಿನ ಓದುಗರು ಅದರಲ್ಲಿ ಮಾರಾಟದ ಕೋಷ್ಟಕಗಳನ್ನು, ಲಾಭ-ನಷ್ಟದ ನಕ್ಷೆಗಳನ್ನು ಹುಡುಕಿದರೆ ಸಿಗುವುದಿಲ್ಲ. ಅದರ ತುಂಬ ಇರುವುದು ದಾಖಲೆಪತ್ರಗಳ ವಿಚಾರ. ಸಂಸ್ಥೆಗೆ ಬರುವ ದಾಖಲೆಯಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂಬುದನ್ನು ಯಂತ್ರವೇ ಎಣಿಸಿ ಸಾರಾಂಶ ತಯಾರಿಸಬೇಕು. ಪ್ರತಿ ವಿಭಾಗದ, ಪ್ರತಿ ವ್ಯಕ್ತಿಯ ಆಸಕ್ತಿಯನ್ನೂ ಪದಪಟ್ಟಿಯಾಗಿ ಇಟ್ಟುಕೊಂಡು, ಹೊಸ ದಾಖಲೆ ಯಾರಿಗೆ ಬೇಕಾದೀತೋ ಅವರಿಗೆ ತಾನಾಗಿ ತಲುಪಿಸಬೇಕು. ಅದನ್ನು ಅವರು ಸ್ವೀಕರಿಸಿದರೆ ಅವರ ಆಸಕ್ತಿಯ ವಿವರವೂ ಅದಕ್ಕೆ ತಕ್ಕಂತೆ ಬದಲಾಗಬೇಕು ಎಂಬುದು ಅವರ ಯೋಜನೆ. ಏನು ಗೊತ್ತಿದೆ, ಯಾರಿಗೆ ಗೊತ್ತಿದೆ, ಯಾರಿಗೆ ಗೊತ್ತಾಗಬೇಕಿದೆ ಎಂಬ ಮೂರು ಪ್ರಶ್ನೆಗಳನ್ನು ಅವರು ಒಟ್ಟಿಗೇ ಕೇಳಿದ್ದರು.

ಮುಂದೆ ದಾರಿಗಳು ಕವಲೊಡೆದವು. 1989ರಲ್ಲಿ ಉದ್ಯಮ ವಿಶ್ಲೇಷಕ ಹೊವಾರ್ಡ್ ಡ್ರೆಸ್ನರ್ ಇದೇ ಹೆಸರನ್ನು ನಿರ್ಧಾರಗಳಿಗೆ ನೆರವಾಗುವ ವರದಿ ಮತ್ತು ವಿಶ್ಲೇಷಣಾ ಸಾಧನಗಳೆಲ್ಲಕ್ಕೂ ಅನ್ವಯಿಸಿದರು. 1990ರ ದಶಕದಲ್ಲಿ ಬಿಲ್ ಇನ್ಮನ್ ಮತ್ತು ರಾಲ್ಫ್ ಕಿಂಬಲ್ ಡೇಟಾ ವೇರ್‌ಹೌಸ್, ಅಂದರೆ ಸಂಸ್ಥೆಯ ಅಂಕಿ-ಅಂಶಗಳನ್ನೆಲ್ಲ ವಿಶ್ಲೇಷಣೆಗಾಗಿ ಒಂದೆಡೆ ಕೂಡಿಡುವ ಉಗ್ರಾಣ, ಕಟ್ಟುವ ಕ್ರಮಗಳನ್ನು ರೂಪಿಸಿದರು. ಅಲ್ಲಿಂದ ಆ ಕ್ಷೇತ್ರದ ಗಮನ ಅಂಕಿಗಳ ಮೇಲೆಯೇ ನಿಂತಿತು. ಅದೇ ದಶಕದಲ್ಲಿ ಜಪಾನಿನ ಇಕುಜಿರೊ ನೊನಾಕಾ ಮತ್ತು ಹಿರೊಟಾಕಾ ಟಾಕೆಯುಚಿ, ದಾರ್ಶನಿಕ ಮೈಕೆಲ್ ಪೊಲಾನ್ಯಿ ಹಿಂದೆಯೇ ಚರ್ಚಿಸಿದ್ದ, ಮಾತಿಗೆ ಪೂರ್ತಿಯಾಗಿ ಸಿಗದ ತಿಳಿವಳಿಕೆಯನ್ನು ಸಂಸ್ಥೆಗಳ ಅಧ್ಯಯನಕ್ಕೆ ತಂದರು. ಮನೆಯಲ್ಲೇ ಬ್ರೆಡ್ ಮಾಡುವ ಯಂತ್ರವನ್ನು ರೂಪಿಸುತ್ತಿದ್ದ ಮಾತ್ಸುಶಿಟಾ ಕಂಪನಿಯ ಸಾಫ್ಟ್‌ವೇರ್ ತಜ್ಞೆಯೊಬ್ಬರು ಒಸಾಕಾದ ಹೋಟೆಲೊಂದರ ಮುಖ್ಯ ಬ್ರೆಡ್ ತಯಾರಕರ ಕೈಕೆಳಗೆ ಕೆಲಸ ಕಲಿತು, ಅವರು ಹಿಟ್ಟನ್ನು ನಾದುವಾಗ ಎಳೆಯುವುದರ ಜೊತೆಗೆ ತಿರುಚುತ್ತಾರೆ ಎಂಬುದನ್ನು ಗುರುತಿಸಿದ್ದು ನೊನಾಕಾ ಮತ್ತು ಟಾಕೆಯುಚಿ ಕೊಟ್ಟ ಹೆಸರಾಂತ ಉದಾಹರಣೆ. ಆ ತಿರುಚುವಿಕೆ ಯಾವ ಪಾಕವಿಧಾನದಲ್ಲೂ ಬರೆದಿರಲಿಲ್ಲ.

ಈ ವಿಭಜನೆಯ ಪರಿಣಾಮ ಏನೆಂಬುದನ್ನು ಪೀಣ್ಯದ ಒಂದು ಘಟಕದಲ್ಲಿ ನಾನು ಹತ್ತಿರದಿಂದ ನೋಡಿದ್ದೇನೆ. ಅಲ್ಲಿ ಹೊರಗಿನ ಫೌಂಡ್ರಿಗಳಿಂದ ಬಂದ ಎರಕದ ಬಿಡಿಭಾಗಗಳನ್ನು ಕೊರೆದು, ಕಡೆದು ಅಳತೆಗೆ ತರುತ್ತಾರೆ. ಯಾವ ಯಂತ್ರದಲ್ಲಿ, ಯಾವ ಶಿಫ್ಟಿನಲ್ಲಿ, ಯಾವ ಆಪರೇಟರ್ ಕೈಯಲ್ಲಿ ಎಷ್ಟು ರಿಜೆಕ್ಷನ್ ಆಯಿತು, ಅಂದರೆ ಎಷ್ಟು ಬಿಡಿಭಾಗಗಳು ತಿರಸ್ಕೃತವಾದವು ಎಂಬುದನ್ನು ಡ್ಯಾಶ್‌ಬೋರ್ಡ್ ಎಂಬ ವರದಿ ಪರದೆ ದಿನವೂ ತೋರಿಸುತ್ತಿತ್ತು. ಮಳೆಗಾಲದಲ್ಲಿ ಎರಡು ಯಂತ್ರಗಳ ರಿಜೆಕ್ಷನ್ ಏರಿದಾಗ ಸಭೆಯಲ್ಲಿ ಚರ್ಚೆಯೆಲ್ಲ ಆ ಯಂತ್ರಗಳ ನಿರ್ವಹಣೆಯ ಬಗ್ಗೆ, ಆಪರೇಟರ್‌ಗಳ ತರಬೇತಿಯ ಬಗ್ಗೆಯೇ ನಡೆಯಿತು. ನಿವೃತ್ತಿಯ ಹತ್ತಿರವಿದ್ದ ಸೂಪರ್‌ವೈಸರ್ ಒಬ್ಬರಿಗೆ ಮಾತ್ರ ಕಾರಣ ಮೊದಲೇ ಗೊತ್ತಿತ್ತು: ಒಂದು ಫೌಂಡ್ರಿಯಿಂದ ಬರುವ ಎರಕದಲ್ಲಿ ಮಳೆಗಾಲದಲ್ಲಿ ಬ್ಲೋ ಹೋಲ್ ಹೆಚ್ಚು, ಏಕೆಂದರೆ ಅಚ್ಚಿನ ಮರಳಿನಲ್ಲಿ ತೇವ ಉಳಿದರೆ ಕಾದ ಲೋಹ ತಗುಲಿದಾಗ ಅದು ಆವಿಯಾಗಿ ಲೋಹದೊಳಗೆ ಗುಳ್ಳೆಯಾಗಿ ನಿಲ್ಲುತ್ತದೆ, ಮೇಲ್ಪದರವನ್ನು ಕಡೆದ ಮೇಲೆಯೇ ಅದು ಕಣ್ಣಿಗೆ ಬೀಳುತ್ತದೆ. ಆ ಫೌಂಡ್ರಿಯ ಮಾಲು ಹೆಚ್ಚಾಗಿ ಅದೇ ಎರಡು ಯಂತ್ರಗಳಿಗೆ ಹೋಗುತ್ತಿತ್ತು. ಅವರು ಇದನ್ನು ಮುಚ್ಚಿಟ್ಟವರಲ್ಲ. ಅವರನ್ನು ಕೇಳುವ ವ್ಯವಸ್ಥೆ ಇರಲಿಲ್ಲ, ಹೇಳಿದ್ದನ್ನು ಬರೆದಿಡುವ ಜಾಗವೂ ಇರಲಿಲ್ಲ. ಎರಕ ಯಾವ ಫೌಂಡ್ರಿಯ ಯಾವ ಲಾಟಿನದು (ಒಮ್ಮೆಗೆ ಬಂದ ಯಾವ ಸರಕಿನದು) ಎಂಬ ಕಾಲಂ ಡ್ಯಾಶ್‌ಬೋರ್ಡಿನ ಹಿಂದಿನ ಕೋಷ್ಟಕಗಳಲ್ಲಿ ಎಲ್ಲಿಯೂ ಇರಲಿಲ್ಲ. ಅಂಕಿ ಸರಿಯಾಗಿಯೇ ಇತ್ತು. ಆದರೂ ಅದು ತಪ್ಪು ಮಾಡದ ಆಪರೇಟರ್‌ಗಳ ಕಡೆಗೆ ಬೆರಳು ತೋರಿಸಿತು, ಮತ್ತು ಇದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಇಂಥ ತಿಳಿವಳಿಕೆಯನ್ನು ಹೊರತರುವುದು ಹೇಗೆ ಎಂಬ ಬಗ್ಗೆ ಎರಡು ಅಧ್ಯಯನಗಳು ಒಟ್ಟಿಗೆ ಓದಲು ಯೋಗ್ಯವಾಗಿವೆ. ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞರು ಜೆರಾಕ್ಸ್ ಕಂಪನಿಯ ರಿಪೇರಿ ತಂತ್ರಜ್ಞರ ಜೊತೆ ಓಡಾಡಿ, ಯಂತ್ರಗಳ ಕಠಿಣ ದೋಷಗಳನ್ನು ಅವರು ಬಿಡಿಸುವುದು ಕೈಪಿಡಿಗಳ ಬಲದಿಂದ ಮಾತ್ರವಲ್ಲ, ಊಟದ ಹೊತ್ತಿನಲ್ಲಿ ಪರಸ್ಪರ ಹೇಳಿಕೊಳ್ಳುವ ಅನುಭವಗಳ ಬಲದಿಂದ ಎಂದು ತೋರಿಸಿದರು. ಮುಂದೆ ಅದೇ ಕಂಪನಿ ಯುರೇಕಾ ಎಂಬ ವ್ಯವಸ್ಥೆಯಲ್ಲಿ ತಂತ್ರಜ್ಞರ ಸಲಹೆಗಳನ್ನು ಇತರ ತಂತ್ರಜ್ಞರಿಂದಲೇ ಪರಿಶೀಲಿಸಿ, ಬರೆದವರ ಹೆಸರಿನೊಂದಿಗೆ ಎಲ್ಲರಿಗೂ ಸಿಗುವಂತೆ ಮಾಡಿತು. ನಮ್ಮದೇ ಊರಿನ ಇನ್ಫೋಸಿಸ್ ಬಗ್ಗೆ ರಘು ಗರುಡ್ ಮತ್ತು ಅರುಣ್ ಕುಮಾರಸ್ವಾಮಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮುಖವನ್ನು ತೋರಿಸುತ್ತದೆ. ಜ್ಞಾನ ಹಂಚಿಕೊಂಡವರಿಗೆ ಅಂಕಗಳನ್ನು ಕೊಡುವ ಯೋಜನೆ ಜಾರಿಗೆ ಬಂದಾಗ ಬರಹಗಳ ಸಂಖ್ಯೆ ಏಕಾಏಕಿ ಏರಿ, ಪರಿಶೀಲಕರ ಮೇಲೆ ಹೊರೆ ಬಿದ್ದು, ಗುಣಮಟ್ಟದ ಬಗ್ಗೆ ಅನುಮಾನ ಮೂಡಿತು. ಆಮೇಲೆ ಸಂಸ್ಥೆ ತನ್ನ ಪ್ರೋತ್ಸಾಹದ ಕ್ರಮವನ್ನು ತಿದ್ದಿಕೊಂಡಿತು. ಬಹುಮಾನಕ್ಕಿಂತ ಸಹೋದ್ಯೋಗಿಗಳ ಮೆಚ್ಚುಗೆಯೇ ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಇವೆರಡನ್ನೂ ಓದಿದ ಮೇಲೆ ನನಗಾದ ತೀರ್ಮಾನ.

ಹೇಗೆ ಜೋಡಿಸಿಡಬೇಕು ಎಂಬ ಪ್ರಶ್ನೆಗೆ ಬೆಂಗಳೂರಿನಲ್ಲಿ ಇನ್ನೂ ಹಳೆಯ ಉತ್ತರವಿದೆ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಂಗವಾಗಿ ಇಲ್ಲಿ ಪ್ರಲೇಖನ (ಡಾಕ್ಯುಮೆಂಟೇಶನ್) ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. ಮೈಸೂರು ರಸ್ತೆಯಲ್ಲಿರುವ ಅದನ್ನು ಈಗಲೂ ಎಲ್ಲರೂ ಡಿಆರ್‌ಟಿಸಿ ಎಂದೇ ಕರೆಯುತ್ತಾರೆ. ಗ್ರಂಥಾಲಯದ ಪುಸ್ತಕಗಳನ್ನು ವಿಷಯವಾರು ಜೋಡಿಸುವ ಅವರ ಕೋಲನ್ ವರ್ಗೀಕರಣ ಮೊದಲು ಪ್ರಕಟವಾದದ್ದು 1933ರಲ್ಲಿ. ಯಾವುದೇ ವಿಷಯವನ್ನು ಒಂದೇ ಕಪಾಟಿಗೆ ಕಟ್ಟಿಹಾಕದೆ, ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳಿಂದ ಅದನ್ನು ವಿವರಿಸಬೇಕೆಂಬುದು ಅವರ ವಿಧಾನದ ತಿರುಳು. ಇಂದು ಡೇಟಾ ವೇರ್‌ಹೌಸ್ ಕಟ್ಟುವವರು ಡೈಮೆನ್ಷನ್ (ಅಂಕಿಯನ್ನು ವಿಂಗಡಿಸಿ ನೋಡುವ ಕೋನ) ಎನ್ನುವುದು ಇದಕ್ಕೆ ಬಹಳ ಹತ್ತಿರದ ಯೋಚನೆ. ಪೀಣ್ಯದ ಆ ಕೋಷ್ಟಕವನ್ನು ರಂಗನಾಥನ್ ಅವರ ಐದು ಮುಖಗಳಿಂದ ಪರೀಕ್ಷಿಸಿದ್ದರೆ ಶಿಫ್ಟು, ಯಂತ್ರ, ದಿನಾಂಕ ಎಲ್ಲ ಇದ್ದು ದ್ರವ್ಯದ ಮುಖ ಮಾತ್ರ ಖಾಲಿ ಎಂಬುದು ತಕ್ಷಣ ಕಾಣುತ್ತಿತ್ತು. ನಮ್ಮ ಎಂಜಿನಿಯರಿಂಗ್ ಮತ್ತು ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ವರದಿ ವ್ಯವಸ್ಥೆಗಳನ್ನು ಕಲಿಸುವಾಗ ರಂಗನಾಥನ್ ಅವರನ್ನೂ ಕಲಿಸಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಪೀಣ್ಯದ ಘಟಕದಲ್ಲಿ ಈಗ ಲಾಟ್ ಕಾಲಂ ಸೇರಿದೆ. ಅದಕ್ಕಿಂತ ಮುಖ್ಯವಾಗಿ, ಅಂಕಿಯೊಂದು ಗೊತ್ತುಪಡಿಸಿದ ಮಿತಿಯನ್ನು ದಾಟಿದಾಗ ಶಿಫ್ಟಿನ ಸೂಪರ್‌ವೈಸರ್ ಕಾರಣವನ್ನು ಕನ್ನಡದಲ್ಲೇ ಬರೆದು ಅಥವಾ ಫೋನಿನಲ್ಲಿ ದನಿ ಮುದ್ರಿಸಿ ಅದೇ ಅಂಕಿಗೆ ಅಂಟಿಸಬಹುದು; ಹೇಳಿದವರ ಹೆಸರು ಮತ್ತು ದಿನಾಂಕ ಜೊತೆಗೇ ಉಳಿಯುತ್ತವೆ, ಮುಂದಿನ ವರ್ಷ ಅದೇ ಅಂಕಿ ಮತ್ತೆ ಏರಿದರೆ ಹಳೆಯ ಟಿಪ್ಪಣಿಯೇ ಮೊದಲು ತೆರೆದುಕೊಳ್ಳುತ್ತದೆ. ಕಾಲ ಕಳೆದಂತೆ ಕಾರಣಗಳೂ ಹಳತಾಗುವುದರಿಂದ ಪ್ರತಿ ಟಿಪ್ಪಣಿಯನ್ನು ವರ್ಷಕ್ಕೊಮ್ಮೆ ಯಾರಾದರೂ ಓದಿ ಉಳಿಸಬೇಕೋ ತೆಗೆಯಬೇಕೋ ಎಂದು ನಿರ್ಧರಿಸುವ ಕ್ರಮವೂ ಬೇಕು. ಅದು ಅಲ್ಲಿ ಇನ್ನೂ ಸರಿಯಾಗಿ ನೆಲೆಗೊಂಡಿಲ್ಲ. ಮೇಲೆ ಹೇಳಿದ ಅಧ್ಯಯನಗಳೆಲ್ಲ ದೊಡ್ಡ ಕಂಪನಿಗಳವು. ಐವತ್ತು-ಅರವತ್ತು ಜನ ಕೆಲಸ ಮಾಡುವ ಪೀಣ್ಯ, ರಾಜಾಜಿನಗರ, ಬೊಮ್ಮಸಂದ್ರದ ಘಟಕಗಳನ್ನು ಇದೇ ದೃಷ್ಟಿಯಿಂದ ಅಧ್ಯಯನ ಮಾಡುವ ವಿದ್ಯಾರ್ಥಿಗಳು ಯಾರಾದರೂ ಇದ್ದರೆ, ಶಾಪ್ ಫ್ಲೋರ್‌ನಲ್ಲಿ ಅವರಿಗೆ ಬೇಕಾದ ಪರಿಚಯಗಳನ್ನು ಮಾಡಿಕೊಡಲು ನಾನು ಸಿದ್ಧನಿದ್ದೇನೆ.